ಎಲ್ಲರದ್ದೂ ಆಯ್ತು, ನಂದೊಂದೇ ಬಾಕಿ!

ನಮ್ಮ ಕ್ಯಾಂಪಸ್ಸಿನಲ್ಲಿ ವರ್ಷವಿಡೀ ಕಿವಿಗೆ ಬೀಳುವ ಒಂದು ಮಾತಿದೆ: “ಎಲ್ಲರದ್ದೂ ಆಯ್ತು ಮಗಾ, ನಂದೊಂದೇ ಬಾಕಿ.” ಮೊದಲ ಸೆಮಿಸ್ಟರಿನಲ್ಲಿ ಇದು ಲ್ಯಾಬ್ ರೆಕಾರ್ಡಿನ ವಿಷಯವಾಗಿರುತ್ತೆ. ಐದನೇ ಸೆಮಿಸ್ಟರಿಗೆ ಇಂಟರ್ನ್‌ಶಿಪ್. ಏಳನೆಯದಕ್ಕೆ ಬರುವ ಹೊತ್ತಿಗೆ ಪ್ಲೇಸ್‌ಮೆಂಟ್. ಕಾಲೇಜು ಮುಗಿದ ಮೇಲೂ ಈ ಮಾತು ಮುಗಿಯೋದಿಲ್ಲ ಅಂತ ಸೀನಿಯರ್‌ಗಳು ಹೇಳ್ತಾರೆ. ಪ್ರಮೋಷನ್, ಮದುವೆ, ಸೈಟು, ಸ್ವಂತ ಮನೆ ಅಂತ ವಿಷಯ ಮಾತ್ರ ಬದಲಾಗ್ತಾ ಹೋಗುತ್ತಂತೆ.

ನೆಮ್ಮದಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ “ಬೇರೆಯವರ ಜೊತೆ ಹೋಲಿಸಿಕೊಳ್ಳಬೇಡಿ” ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿಬಿಡ್ತಾರೆ. ಕೇಳೋಕೆ ಚೆನ್ನಾಗಿದೆ, ಮಾಡೋಕೆ ಆಗಲ್ಲ. ಅರವತ್ತು ಜನ ಒಂದೇ ಕ್ಲಾಸಿನಲ್ಲಿ ಕೂತು, ಒಂದೇ ಪರೀಕ್ಷೆ ಬರೆದು, ಒಂದೇ ನೋಟಿಸ್ ಬೋರ್ಡಿನ ಮುಂದೆ ನಿಲ್ಲುವಾಗ ಹೋಲಿಕೆ ತಾನಾಗಿಯೇ ಬರುತ್ತೆ. ಅದಕ್ಕೆ ಇಲ್ಲಿ ನಾವು ಬೇರೆ ದಾರಿ ಹಿಡಿಯೋಣ. ಎಂಜಿನಿಯರಿಂಗ್ ಓದುವ ನಮಗೆ ಉಪದೇಶಕ್ಕಿಂತ ಲೆಕ್ಕ ಬೇಗ ತಲೆಗೆ ಹೋಗುತ್ತೆ. ಹೋಲಿಕೆಯ ಲೆಕ್ಕವೇ ಸರಿಯಾಗಿದೆಯಾ ಅಂತ ಮೊದಲು ನೋಡೋಣ. ಮನಸ್ಸಿನ ಮಾತು ಆಮೇಲೆ.

ಮುಂಚೆಯೇ ಹೇಳಿಬಿಡ್ತೀವಿ: “ನಾನೊಬ್ಬನೇ ಹಿಂದೆ ಬಿದ್ದೆ”, “ನಾನೊಬ್ಬಳೇ ಹಿಂದೆ ಬಿದ್ದೆ” ಅನ್ನುವ ಭಾವನೆಯ ದೊಡ್ಡ ಪಾಲು, ನಾವು ಎಲ್ಲಿ ನಿಂತು ನೋಡ್ತಾ ಇದ್ದೀವಿ ಅನ್ನೋದರಿಂದ ಹುಟ್ಟುತ್ತೆ. ಆ ಪಾಲನ್ನು ಲೆಕ್ಕ ಮಾಡಿ ಕಳೆಯಬಹುದು. ಉಳಿಯುವ ಪಾಲು ನಿಜವಾದದ್ದು, ಅದಕ್ಕೆ ಬೇರೆ ಉಪಾಯ ಬೇಕು.

1. ಪಕ್ಕದ ಸಾಲು ಬೇಗ ಸಾಗುತ್ತೆ

ಕ್ಯಾಂಟೀನಿನಲ್ಲಿ ಮೂರು ಸಾಲು ಇದೆ ಅಂತಿಟ್ಟುಕೊಳ್ಳಿ. ಮೂರೂ ಹೆಚ್ಚುಕಡಿಮೆ ಒಂದೇ ಉದ್ದ. ನಾವು ಒಂದರಲ್ಲಿ ನಿಲ್ತೀವಿ. ಎರಡು ನಿಮಿಷ ಆಗೋದರೊಳಗೆ ಪಕ್ಕದ ಸಾಲು ಮುಂದೆ ಹೋಗಿರುತ್ತೆ. “ನಾನು ನಿಂತ ಸಾಲೇ ಯಾವಾಗಲೂ ಹೀಗೆ” ಅಂತ ಬೈದುಕೊಳ್ತೀವಿ.

ಇದರಲ್ಲಿ ಹಣೆಬರಹದ ಪಾತ್ರ ಏನೂ ಇಲ್ಲ. ಮೂರು ಸಾಲಿನಲ್ಲಿ ಯಾವುದು ಬೇಗ ಸಾಗುತ್ತೆ ಅನ್ನೋದು ಮೊದಲೇ ಗೊತ್ತಿಲ್ಲದಿದ್ದರೆ, ನಮ್ಮದೇ ಅತಿ ವೇಗದ ಸಾಲಾಗಿರುವ ಸಂಭವ ಮೂರರಲ್ಲಿ ಒಂದು. ಅಂದರೆ ಮೂರು ಸಲಕ್ಕೆ ಎರಡು ಸಲ ಬೇರೆ ಯಾವುದೋ ಸಾಲು ನಮಗಿಂತ ಮುಂದಿರುತ್ತೆ. ಟೋಲ್ ಗೇಟಿನಲ್ಲಿ ಐದು ಸಾಲಿದ್ದರೆ ಐದಕ್ಕೆ ನಾಲ್ಕು ಸಲ. ಸಾಲುಗಳು ಹೆಚ್ಚಾದಷ್ಟೂ “ನಂದೇ ನಿಧಾನ” ಅನ್ನಿಸೋದು ಹೆಚ್ಚಾಗುತ್ತೆ. ಇದೇ ಮಾತನ್ನು ಕ್ಲಾಸಿಗೆ ಅನ್ವಯಿಸಿ ನೋಡಿ. ಅರವತ್ತು ಜನರಲ್ಲಿ ಯಾರೋ ಒಬ್ಬರು ಕೋಡಿಂಗ್‌ನಲ್ಲಿ ಮುಂದೆ, ಇನ್ನೊಬ್ಬರು ಸಿ.ಜಿ.ಪಿ.ಎ.ಯಲ್ಲಿ, ಮತ್ತೊಬ್ಬರು ಇಂಗ್ಲಿಷ್ ಮಾತಿನಲ್ಲಿ, ಇನ್ನೂ ಒಬ್ಬರು ಕ್ರಿಕೆಟ್‌ನಲ್ಲಿ. ಪ್ರತಿಯೊಂದರಲ್ಲೂ ಮುಂದಿರುವವರನ್ನೇ ಆರಿಸಿ ಆರಿಸಿ ನಮ್ಮ ಪಕ್ಕ ನಿಲ್ಲಿಸಿಕೊಂಡರೆ ನಾವು ಎಲ್ಲದರಲ್ಲೂ ಹಿಂದೆಯೇ. ಹಾಗಂತ ಆ ಎಲ್ಲದರಲ್ಲೂ ಮುಂದಿರುವ ಒಬ್ಬ ವ್ಯಕ್ತಿ ಕ್ಲಾಸಿನಲ್ಲಿ ಇರೋದೇ ಇಲ್ಲ. ನಾವೇ ತುಂಡು ತುಂಡು ಜೋಡಿಸಿ ಮಾಡಿಕೊಂಡ ಬೊಂಬೆ ಅದು.

ರಸ್ತೆಯಲ್ಲಿ ಇನ್ನೊಂದು ತಮಾಷೆ ನಡೆಯುತ್ತೆ. 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವೈದ್ಯ ಡೊನಾಲ್ಡ್ ರೆಡೆಲ್ಮಿಯರ್ ಮತ್ತು ಸಂಖ್ಯಾಶಾಸ್ತ್ರಜ್ಞ ರಾಬರ್ಟ್ ಟಿಬ್ಶಿರಾನಿ ಒಂದು ಪುಟ್ಟ ಪ್ರಬಂಧ ಬರೆದರು. ಟ್ರಾಫಿಕ್ ಜಾಮಿನಲ್ಲಿ ಪಕ್ಕದ ಲೇನ್ ಯಾಕೆ ಯಾವಾಗಲೂ ವೇಗವಾಗಿ ಹೋಗ್ತಿದೆ ಅನ್ನಿಸುತ್ತೆ ಅನ್ನೋದು ಅವರ ಪ್ರಶ್ನೆ. ಎರಡೂ ಲೇನಿನ ಸರಾಸರಿ ವೇಗ ಒಂದೇ ಇದ್ದರೂ ಹಾಗೆ ಅನ್ನಿಸುತ್ತೆ ಅಂತ ಅವರು ತೋರಿಸಿದರು. ಕಾರಣ ಸರಳ. ನಮ್ಮ ಲೇನ್ ಓಡುವಾಗ ಪಕ್ಕದವರು ಒತ್ತೊತ್ತಾಗಿ ನಿಂತಿರ್ತಾರೆ, ಹತ್ತು ಗಾಡಿಯನ್ನು ಕೆಲವೇ ಸೆಕೆಂಡಿನಲ್ಲಿ ದಾಟಿಬಿಡ್ತೀವಿ. ನಾವು ನಿಂತಾಗ ಪಕ್ಕದವರು ಓಡ್ತಾ ಇರ್ತಾರೆ, ಓಡುವ ಗಾಡಿಗಳ ನಡುವೆ ಅಂತರ ಹೆಚ್ಚು, ಹಾಗಾಗಿ ಅದೇ ಹತ್ತು ಗಾಡಿ ನಮ್ಮನ್ನು ದಾಟೋಕೆ ಹೆಚ್ಚು ಹೊತ್ತು ಹಿಡಿಯುತ್ತೆ. ನಾವು ದಾಟಿದ್ದೂ ಹತ್ತು, ನಮ್ಮನ್ನು ದಾಟಿದ್ದೂ ಹತ್ತು. ಆದರೆ ಗೆದ್ದ ಹೊತ್ತು ಚಿಕ್ಕದು, ಸೋತ ಹೊತ್ತು ಉದ್ದ.

ಇದರ ಜೊತೆಗೆ ಇನ್ನೊಂದು ಮಾತು ಸೇರಿಸಬೇಕು. ನಾವು ದಾಟಿದ ಗಾಡಿ ಬೆನ್ನ ಹಿಂದೆ ಹೋಗಿ ಮರೆಯಾಗುತ್ತೆ. ನಮ್ಮನ್ನು ದಾಟಿದ ಗಾಡಿ ಮಾತ್ರ ಕಣ್ಣೆದುರೇ ಇರುತ್ತೆ, ಅದರ ನಂಬರ್ ಪ್ಲೇಟನ್ನೂ ಓದಬಹುದು! ಬದುಕಿನಲ್ಲೂ ಇದೇ ಆಗೋದು. ಪಿ.ಯು.ಸಿ.ಯಲ್ಲಿ ನಮ್ಮ ಜೊತೆಗಿದ್ದು ಇಂಥ ಕಾಲೇಜಿಗೆ ಬರಲಾಗದವರು ಎಷ್ಟೋ ಜನ. ಫೀಸು ಕಟ್ಟಲಾಗದೆ ಅರ್ಧಕ್ಕೆ ಬಿಟ್ಟವರೂ ಇದ್ದಾರೆ. ಅವರು ನಮ್ಮ ಲೆಕ್ಕಕ್ಕೆ ಬರೋದಿಲ್ಲ. ಅವರನ್ನು ನೆನೆದು ಸಮಾಧಾನ ಪಟ್ಟುಕೊಳ್ಳಿ ಅಂತ ಹೇಳ್ತಿಲ್ಲ, ಅದು ಒಳ್ಳೆಯ ಸಮಾಧಾನವೂ ಅಲ್ಲ. “ಎಲ್ಲರೂ ಮುಂದೆ ಹೋದರು” ಅನ್ನುವಾಗ ಆ ‘ಎಲ್ಲರೂ’ ಅಂದರೆ ಕಣ್ಣಿಗೆ ಕಾಣುವವರು ಮಾತ್ರ ಅನ್ನೋದು ನೆನಪಿರಲಿ ಅಷ್ಟೇ.

2. ಬಸ್ಸು ಯಾಕೆ ಯಾವಾಗಲೂ ತಡ?

ಕಾಲೇಜಿನ ಮುಂದಿನ ಸ್ಟಾಪಿಗೆ ಗಂಟೆಗೆ ಆರು ಬಸ್ಸು ಬರುತ್ತೆ ಅಂದುಕೊಳ್ಳೋಣ. ಸರಾಸರಿ ಹತ್ತು ನಿಮಿಷಕ್ಕೊಂದು. ಹಾಗಾದರೆ ನಾವು ಸರಾಸರಿ ಐದು ನಿಮಿಷ ಕಾಯಬೇಕು ಅಲ್ವಾ? ಬಸ್ಸುಗಳು ಗಡಿಯಾರದ ಹಾಗೆ ಬಂದರೆ ಹೌದು. ಆದರೆ ಬಸ್ಸುಗಳು ಜೋಡಿಯಾಗಿ ಬರುತ್ತವೆ: ಒಂದು ಬಂದ ಎರಡೇ ನಿಮಿಷಕ್ಕೆ ಇನ್ನೊಂದು, ಆಮೇಲೆ 18 ನಿಮಿಷ ಏನೂ ಇಲ್ಲ. ಆಗಲೂ ಸರಾಸರಿ ಅಂತರ ಹತ್ತೇ ನಿಮಿಷ. ಕಾಯುವ ಹೊತ್ತು?

ನಾವು ಯಾವುದೋ ಒಂದು ಹೊತ್ತಿಗೆ ಸ್ಟಾಪಿಗೆ ಬರ್ತೀವಿ. ಪ್ರತಿ 20 ನಿಮಿಷದಲ್ಲಿ 18 ನಿಮಿಷ ದೊಡ್ಡ ಅಂತರಕ್ಕೆ ಸೇರಿದ್ದು. ಹಾಗಾಗಿ ನಾವು ಆ ದೊಡ್ಡ ಅಂತರದೊಳಗೆ ಬಂದು ಬೀಳುವ ಸಂಭವ ಶೇಕಡಾ 90. ಅಲ್ಲಿ ಸರಾಸರಿ 9 ನಿಮಿಷ ಕಾಯಬೇಕು. ಶೇಕಡಾ 10ರಷ್ಟು ಸಲ ಮಾತ್ರ ಚಿಕ್ಕ ಅಂತರ, ಅಲ್ಲಿ ಸರಾಸರಿ 1 ನಿಮಿಷ. ಎರಡನ್ನೂ ಸೇರಿಸಿದರೆ 0.9 × 9 + 0.1 × 1 = 8.2 ನಿಮಿಷ. ವೇಳಾಪಟ್ಟಿ ಹಾಕಿದವರು ಹತ್ತು ನಿಮಿಷಕ್ಕೊಂದು ಬಸ್ಸು ಅಂತ ಹೇಳಿದ್ದು ಸುಳ್ಳಲ್ಲ. ಎಂಟು ನಿಮಿಷ ಕಾದ ನಮ್ಮ ಅನುಭವವೂ ಸುಳ್ಳಲ್ಲ. ಇಬ್ಬರೂ ಬೇರೆ ಬೇರೆ ಕಡೆ ನಿಂತು ಅಳೆದಿದ್ದಾರೆ.

ಇದೇ ಲೆಕ್ಕ ಕ್ಲಾಸಿಗೂ ಹೊಂದುತ್ತೆ. ಒಂದು ಇಲೆಕ್ಟಿವ್‌ನಲ್ಲಿ 90 ಜನ, ಇನ್ನೊಂದರಲ್ಲಿ 10 ಜನ. ಕಾಲೇಜಿನ ಪ್ರಕಾರ ಸರಾಸರಿ ಕ್ಲಾಸಿನಲ್ಲಿ 50 ಜನ. ಆದರೆ ಆ ನೂರು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ “ನಿನ್ನ ಕ್ಲಾಸಿನಲ್ಲಿ ಎಷ್ಟು ಜನ?” ಅಂತ ಕೇಳಿದರೆ, 90 ಜನ 90 ಅಂತಾರೆ, 10 ಜನ 10 ಅಂತಾರೆ. ಸರಾಸರಿ 82. ಗದ್ದಲದ ಕ್ಲಾಸನ್ನು ನೋಡೋಕೆ ಹೆಚ್ಚು ಜನ ಇರ್ತಾರೆ, ಖಾಲಿ ಕ್ಲಾಸನ್ನು ನೋಡೋಕೆ ಕಡಿಮೆ ಜನ. ಜಿಮ್ಮು ಯಾವಾಗಲೂ ತುಂಬಿರುತ್ತೆ, ಮೆಸ್ಸಿನಲ್ಲಿ ಯಾವಾಗಲೂ ರಶ್ಶು ಅಂತ ಅನ್ನಿಸೋದೂ ಇದೇ ಕಾರಣಕ್ಕೆ.

ಕೆಟ್ಟ ಕಾಲ ಉದ್ದವಾಗಿರೋದರಿಂದ ನಾವು ಅದರೊಳಗೆ ಸಿಕ್ಕಿಕೊಳ್ಳುವ ಸಂಭವವೇ ಹೆಚ್ಚು. ಯಾವುದೋ ಒಂದು ದಿನ ನಿಂತು “ನನ್ನ ಬದುಕು ಹೇಗೆ ಸಾಗ್ತಿದೆ?” ಅಂತ ಕೇಳಿಕೊಂಡರೆ, ಆ ದಿನ ಕಾಯುವ ಅವಧಿಯೊಳಗೇ ಬಿದ್ದಿರೋ ಸಾಧ್ಯತೆ ಹೆಚ್ಚು. ಫಲಿತಾಂಶ ಬರುವ ದಿನ ಒಂದೇ ದಿನ, ಅದಕ್ಕೆ ಕಾಯುವ ದಿನಗಳು ನಲವತ್ತು. ಆ ನಲವತ್ತರಲ್ಲಿ ಒಂದು ದಿನವನ್ನು ಹಿಡಿದು ಇಡೀ ಬದುಕಿಗೆ ಮಾರ್ಕ್ಸ್ ಹಾಕಿದರೆ ಅದು ಸರಿಯಾದ ಸ್ಯಾಂಪಲ್ ಆಗೋದಿಲ್ಲ.

3. ಗೆಳೆಯರಿಗೆ ನಮಗಿಂತ ಹೆಚ್ಚು ಗೆಳೆಯರು

1991ರಲ್ಲಿ ಸ್ಕಾಟ್ ಫೆಲ್ಡ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಒಂದು ವಿಚಿತ್ರ ಸತ್ಯವನ್ನು ಬರೆದರು. ಹೆಚ್ಚಿನವರ ಗೆಳೆಯರಿಗೆ, ಸರಾಸರಿ ನೋಡಿದರೆ, ಅವರಿಗಿಂತ ಹೆಚ್ಚು ಗೆಳೆಯರಿರುತ್ತಾರೆ. ಇದಕ್ಕೆ ‘ಗೆಳೆತನದ ವಿರೋಧಾಭಾಸ’ ಅಂತ ಹೆಸರು ಬಂತು.

ಐದೇ ಜನರ ಗುಂಪಿನಲ್ಲಿ ಲೆಕ್ಕ ಹಾಕೋಣ. ಅ, ಆ, ಇ, ಈ, ಉ. ‘ಅ’ ಎಲ್ಲರಿಗೂ ಗೆಳೆಯ. ಉಳಿದ ನಾಲ್ವರಿಗೆ ‘ಅ’ ಒಬ್ಬನೇ ಪರಿಚಯ. ಗೆಳೆಯರ ಸಂಖ್ಯೆ ಕ್ರಮವಾಗಿ 4, 1, 1, 1, 1. ಸರಾಸರಿ 1.6. ಈಗ ‘ಆ’ ತನ್ನ ಗೆಳೆಯನ ಕಡೆ ನೋಡ್ತಾನೆ: ಅವನಿಗೆ ನಾಲ್ಕು ಜನ, ತನಗೆ ಒಬ್ಬ. ‘ಇ’, ‘ಈ’, ‘ಉ’ ಮೂವರದ್ದೂ ಅದೇ ಕತೆ. ಐವರಲ್ಲಿ ನಾಲ್ವರಿಗೆ “ನಾನೇ ಕಡಿಮೆ” ಅನ್ನಿಸುತ್ತೆ. ಇಲ್ಲಿ ಯಾರೂ ಯಾರನ್ನೂ ದೂರ ಇಟ್ಟಿಲ್ಲ, ಯಾರಿಗೂ ಮೋಸ ಆಗಿಲ್ಲ. ಹೆಚ್ಚು ಜನರಿಗೆ ಪರಿಚಯ ಇರುವವನು ಹೆಚ್ಚು ಜನರ ಪಟ್ಟಿಯಲ್ಲಿ ಇದ್ದೇ ಇರ್ತಾನೆ, ಅಷ್ಟೇ.

ಇದನ್ನು ಮೊಬೈಲಿಗೆ ತಂದು ನೋಡಿ. ದಿನಕ್ಕೆ ಹತ್ತು ಸ್ಟೋರಿ ಹಾಕುವವರು ಹತ್ತು ಸಲ ಕಾಣಿಸ್ತಾರೆ. ಭಾನುವಾರ ಪೂರ್ತಿ ರೂಮಿನಲ್ಲಿ ಮಲಗಿದ್ದವರು ಒಂದು ಸಲವೂ ಕಾಣಿಸೋದಿಲ್ಲ. ನಂದಿಬೆಟ್ಟಕ್ಕೆ ಹೋದವರು ಫೋಟೋ ಹಾಕ್ತಾರೆ, ಬಟ್ಟೆ ಒಗೆದವರು ಹಾಕಲ್ಲ. ಸಂಜೆ ಫೋನ್ ಹಿಡಿದು ಕೂತಾಗ “ಎಲ್ಲರೂ ಎಲ್ಲೆಲ್ಲೋ ಹೋಗಿದ್ದಾರೆ, ನಾನು ಮಾತ್ರ ಹಾಸ್ಟೆಲ್ಲಿನಲ್ಲಿ” ಅನ್ನಿಸೋದು ಈ ಲೆಕ್ಕದಿಂದಲೇ. ಕಾರಿಡಾರಿನಲ್ಲಿ ಒಂದು ಸುತ್ತು ಹಾಕಿ ಬಾಗಿಲು ತಟ್ಟಿದರೆ ನಮ್ಮಂತೆಯೇ ಯೋಚಿಸ್ತಾ ಕೂತ ಐದಾರು ಜನ ಸಿಗ್ತಾರೆ.

ಅಜ್ಜಿಯಂದಿರು “ದೂರದ ಬೆಟ್ಟ ನುಣ್ಣಗೆ” ಅಂತಿದ್ದರು. ಅವರು ಸಂಭವನೀಯತೆ ಓದಿರಲಿಲ್ಲ, ಬೆಟ್ಟ ಹತ್ತಿದ್ದರು.

4. ಮರಳಿ ಬಾರದ ವಿಮಾನಗಳು

ಎರಡನೇ ಮಹಾಯುದ್ಧದ ಕಾಲದಲ್ಲಿ ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ಸಂಶೋಧನಾ ತಂಡದಲ್ಲಿದ್ದರು. ಯುದ್ಧ ಮುಗಿಸಿ ಮರಳಿದ ವಿಮಾನಗಳ ಮೇಲಿನ ಗುಂಡೇಟುಗಳನ್ನು ಎಣಿಸಿ, ವಿಮಾನದ ಯಾವ ಭಾಗಕ್ಕೆ ಹೆಚ್ಚು ರಕ್ಷಣೆ ಬೇಕು ಅಂತ ತಿಳಿಯುವುದು ಅವರ ಮುಂದಿದ್ದ ಕೆಲಸ. ಹೆಚ್ಚು ತೂತು ಇರುವ ಕಡೆ ಕವಚ ಹಾಕಬೇಕು ಅಂತ ಯಾರಿಗಾದರೂ ಅನ್ನಿಸುತ್ತೆ. ವಾಲ್ಡ್ ಅವರ ಯೋಚನೆ ಬೇರೆ. ನಮ್ಮ ಮುಂದಿರುವುದು ಮರಳಿ ಬಂದ ವಿಮಾನಗಳು ಮಾತ್ರ. ತೂತು ಬಿದ್ದರೂ ಮರಳಿ ಬಂದಿವೆ ಅಂದರೆ ಆ ಭಾಗ ಏಟು ತಡೆಯುತ್ತೆ ಅಂತರ್ಥ. ಎಂಜಿನ್ನಿನ ಸುತ್ತ ತೂತು ಕಡಿಮೆ ಕಾಣ್ತಿದ್ದರೆ, ಅಲ್ಲಿ ಏಟು ತಿಂದವು ಮರಳಲೇ ಇಲ್ಲ ಅಂತರ್ಥ. ಕಾಣದೇ ಇರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನೋದು ಈ ಕತೆಯ ತಿರುಳು. ವಾಲ್ಡ್ 1950ರ ಡಿಸೆಂಬರಿನಲ್ಲಿ ಉಪನ್ಯಾಸಗಳಿಗೆಂದು ಭಾರತಕ್ಕೆ ಬಂದಿದ್ದಾಗ ನೀಲಗಿರಿ ಬೆಟ್ಟಗಳಲ್ಲಿ ವಿಮಾನ ಅಪಘಾತಕ್ಕೆ ಸಿಕ್ಕಿ ತೀರಿಕೊಂಡರು. ಆಗ ಅವರಿಗೆ 48 ವರ್ಷ.

ಪ್ಲೇಸ್‌ಮೆಂಟ್ ಕಾಲದಲ್ಲಿ ಲಿಂಕ್ಡ್‌ಇನ್ ತೆರೆದಾಗ ನಮಗೆ ಕಾಣೋದು ಮರಳಿ ಬಂದ ವಿಮಾನಗಳು ಮಾತ್ರ. “ಇಂಥ ಕಂಪನಿಗೆ ಸೇರ್ತಿದ್ದೇನೆ ಅಂತ ತಿಳಿಸಲು ಸಂತೋಷವಾಗ್ತಿದೆ” ಅನ್ನುವ ಪೋಸ್ಟು ಬರುತ್ತೆ. “ಇವತ್ತು ಮೂರನೇ ರೌಂಡಿನಲ್ಲಿ ಹೋಯ್ತು” ಅನ್ನುವ ಪೋಸ್ಟು ಬರೋದಿಲ್ಲ. ಕೆಲಸ ಸಿಕ್ಕವರ ಪೋಸ್ಟಿನಲ್ಲೂ ಅವರು ಮೊದಲು ಸೋತ ಆರು ಇಂಟರ್‌ವ್ಯೂಗಳ ಮಾತಿರೋದಿಲ್ಲ.

ಇದನ್ನು ಸರಿಮಾಡೋಕೆ ಮೆಲನಿ ಸ್ಟೆಫನ್ ಎಂಬ ವಿಜ್ಞಾನಿ 2010ರಲ್ಲಿ ‘ನೇಚರ್’ನಲ್ಲಿ ಒಂದು ಸಲಹೆ ಕೊಟ್ಟರು: ಸಾಧನೆಗಳ ಬಯೋಡೇಟಾ ಇರುವ ಹಾಗೆ ಸೋಲುಗಳ ಬಯೋಡೇಟಾ ಕೂಡ ಬರೆದಿಡಿ. 2016ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಯೋಹಾನೆಸ್ ಹೌಸ್‌ಹೋಫರ್ ತಮ್ಮ ಅಂಥ ಪಟ್ಟಿಯನ್ನು ಎಲ್ಲರ ಮುಂದಿಟ್ಟರು. ಸೀಟು ಸಿಗದ ಕೋರ್ಸುಗಳು, ಸಿಗದ ಹುದ್ದೆಗಳು, ವಾಪಸ್ ಬಂದ ಪ್ರಬಂಧಗಳು, ಎಲ್ಲವೂ ಅದರಲ್ಲಿದ್ದವು. ತಮ್ಮ ಸಂಶೋಧನೆಗಿಂತ ಈ ಸೋಲಿನ ಪಟ್ಟಿಯನ್ನೇ ಜನ ಹೆಚ್ಚು ಗಮನಿಸಿದರು ಅನ್ನೋದನ್ನೂ ಆಮೇಲೆ ಅವರು ಸೋಲುಗಳ ಸಾಲಿಗೇ ಸೇರಿಸಿದರು!

2011ರಲ್ಲಿ ಅಲೆಕ್ಸಾಂಡರ್ ಜೋರ್ಡಾನ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತೆ. ತಮ್ಮ ಸಹಪಾಠಿಗಳು ಎಷ್ಟು ಸಲ ಬೇಸರಪಡ್ತಾರೆ, ಒಂಟಿತನ ಅನುಭವಿಸ್ತಾರೆ ಅನ್ನೋದನ್ನು ವಿದ್ಯಾರ್ಥಿಗಳು ನಿಜಕ್ಕಿಂತ ಕಡಿಮೆ ಅಂದಾಜು ಮಾಡಿದ್ದರು. ಯಾಕೆಂದರೆ ಬೇಸರವನ್ನು ಜನ ಸಾಮಾನ್ಯವಾಗಿ ಒಬ್ಬರೇ ಇದ್ದಾಗ ಅನುಭವಿಸ್ತಾರೆ, ಎದುರಿಗೆ ಬಂದಾಗ ಮುಚ್ಚಿಡ್ತಾರೆ. ಹೀಗೆ ಕಡಿಮೆ ಅಂದಾಜು ಮಾಡಿದವರಲ್ಲಿಯೇ ಒಂಟಿತನ ಹೆಚ್ಚು ಕಂಡುಬಂತು. ಇದಕ್ಕೂ ನಮ್ಮಲ್ಲಿ ಗಾದೆ ಇದೆ: ಎಲ್ಲರ ಮನೆ ದೋಸೆಯೂ ತೂತೇ. ಕಷ್ಟ ಏನಂದರೆ, ಪಕ್ಕದ ಮನೆಯವರು ದೋಸೆಯನ್ನು ಮಡಚಿ ತಟ್ಟೆಗೆ ಹಾಕಿಕೊಂಡಿರ್ತಾರೆ.

5. ಲೆಕ್ಕ ಮುಗಿದ ಮೇಲೆ ಉಳಿಯುವುದು

ಇಷ್ಟು ಹೇಳಿ “ಎಲ್ಲ ಭ್ರಮೆ, ನೆಮ್ಮದಿಯಾಗಿರಿ” ಅಂತ ನಿಲ್ಲಿಸಿದರೆ ಅದು ಮೋಸವಾಗುತ್ತೆ. ಕೆಲವು ಸಲ ನಾವು ನಿಜವಾಗಿಯೂ ಹಿಂದೆ ಇರ್ತೀವಿ. ಸಾಲು ಅಂದ ಮೇಲೆ ಯಾರೋ ಒಬ್ಬರು ಕೊನೆಯಲ್ಲಿ ಇರಲೇಬೇಕು. ಕ್ಲಾಸಿನಲ್ಲಿ 58 ಜನರಿಗೆ ಕೆಲಸ ಸಿಕ್ಕು ಇಬ್ಬರು ಉಳಿದಾಗ ಆ ಇಬ್ಬರ ಮುಂದೆ ಸ್ಕಾಟ್ ಫೆಲ್ಡ್ ಹೆಸರು ಹೇಳಿದರೆ ಏನು ಪ್ರಯೋಜನ?

ಹಾಸ್ಟೆಲ್ಲಿನಲ್ಲಿ ಇರುವವರಿಗೆ ಈ ಚಿತ್ರ ಗೊತ್ತು. ಏಳನೇ ಸೆಮಿಸ್ಟರಿನ ಕೊನೆಗೆ ಒಬ್ಬರು ಮೆಸ್ಸಿಗೆ ಬರುವ ಹೊತ್ತು ಬದಲಾಗುತ್ತೆ. ಎಲ್ಲರೂ ಎಂಟಕ್ಕೆ ಬಂದರೆ ಅವರು ಒಂಬತ್ತೂಕಾಲಿಗೆ ಬರ್ತಾರೆ. ಅನ್ನ ಆರಿದ್ದರೂ ಪರವಾಗಿಲ್ಲ, “ಆಯ್ತಾ?” ಅನ್ನುವ ಪ್ರಶ್ನೆ ಕೇಳುವವರು ಇರಬಾರದು ಅಷ್ಟೇ. ಮನೆಯಿಂದ ಬಂದ ಫೋನನ್ನು ಕಾರಿಡಾರಿನ ತುದಿಗೆ ಹೋಗಿ ಮಾತಾಡ್ತಾರೆ. ಆಮೇಲೆ ವಾಟ್ಸ್ಯಾಪ್ ಗ್ರೂಪಿನಲ್ಲಿ ಅವರ ಮೆಸೇಜು ನಿಂತುಹೋಗುತ್ತೆ. ಕೆಲಸ ಸಿಗದೇ ಇರೋದು ಒಂದು ಕಷ್ಟ. ಅದರಿಂದಾಗಿ ಜನರಿಂದ ದೂರ ಸರಿಯೋದು ಎರಡನೇ ಕಷ್ಟ. ಮೊದಲನೆಯದಕ್ಕೆ ಕಾಲ ಬೇಕು. ಎರಡನೆಯದನ್ನು ಮಾತ್ರ ನಾವೇ ಸೇರಿ ತಡೆಯಬಹುದು.

ಕಾಯುವುದರ ಬಗ್ಗೆ 1985ರಲ್ಲಿ ಡೇವಿಡ್ ಮೈಸ್ಟರ್ ಬರೆದ ಒಂದು ಲೇಖನ ಇಲ್ಲಿ ಉಪಯೋಗಕ್ಕೆ ಬರುತ್ತೆ. ಅವರು ಬರೆದದ್ದು ಹೋಟೆಲು, ಬ್ಯಾಂಕುಗಳ ಸಾಲಿನ ಬಗ್ಗೆ. ಗಡಿಯಾರದ ಹೊತ್ತು ಒಂದೇ ಇದ್ದರೂ ಕಾಯುವವರಿಗೆ ಅದು ಚಿಕ್ಕದೋ ಉದ್ದವೋ ಅನ್ನಿಸೋಕೆ ಕಾರಣಗಳಿವೆ ಅಂತ ಅವರು ಹೇಳ್ತಾರೆ. ಸುಮ್ಮನೆ ಕೂತು ಕಾಯುವುದು ಏನಾದರೂ ಮಾಡ್ತಾ ಕಾಯುವುದಕ್ಕಿಂತ ಉದ್ದ. ಎಷ್ಟು ಹೊತ್ತು ಅಂತ ಗೊತ್ತಿಲ್ಲದ ಕಾಯುವಿಕೆ ಗೊತ್ತಿರುವುದಕ್ಕಿಂತ ಉದ್ದ. ಕಾರಣ ಹೇಳದ ಕಾಯುವಿಕೆ ಕಾರಣ ಹೇಳಿದ್ದಕ್ಕಿಂತ ಉದ್ದ. ಒಬ್ಬರೇ ಕಾಯುವುದು ಜೊತೆಗೆ ಕಾಯುವುದಕ್ಕಿಂತ ಉದ್ದ.

ಈ ನಾಲ್ಕನ್ನು ತಿರುಗಿಸಿ ಹಾಕಿದರೆ ನಮಗೆ ನಾಲ್ಕು ಅಭ್ಯಾಸ ಸಿಗುತ್ತೆ.

ಒಂದು, ಕಾಯುವ ಹೊತ್ತಿಗೊಂದು ಕೆಲಸ ಕೊಡುವುದು. ಫಲಿತಾಂಶದ ಪೇಜನ್ನು ಗಂಟೆಗೆ ಹತ್ತು ಸಲ ರಿಫ್ರೆಶ್ ಮಾಡುವುದು ಕೆಲಸವಲ್ಲ. ದಿನಕ್ಕೆ ಎರಡು ಪ್ರಾಬ್ಲಂ ಬಿಡಿಸುವುದು, ಪ್ರಾಜೆಕ್ಟಿನ ಒಂದು ಭಾಗ ಮುಗಿಸುವುದು, ಸಂಜೆ ಗ್ರೌಂಡಿನಲ್ಲಿ ಎರಡು ಸುತ್ತು ನಡೆಯುವುದು ಕೆಲಸ. ಚಿಕ್ಕದಾದರೂ ಪರವಾಗಿಲ್ಲ, ಮುಗಿದಿದೆ ಅಂತ ರಾತ್ರಿ ಹೇಳಿಕೊಳ್ಳುವ ಹಾಗಿರಬೇಕು.

ಎರಡು, ಕೊನೆ ಗೊತ್ತಿಲ್ಲದ್ದಕ್ಕೆ ನಾವೇ ಒಂದು ನಿಲ್ದಾಣ ಇಟ್ಟುಕೊಳ್ಳುವುದು. “ಕೆಲಸ ಯಾವಾಗ ಸಿಗುತ್ತೆ?” ಅನ್ನುವುದಕ್ಕೆ ಉತ್ತರ ನಮ್ಮ ಕೈಯಲ್ಲಿಲ್ಲ. “ಈ ತಿಂಗಳ 30ರವರೆಗೆ ಇಷ್ಟು ಓದ್ತೀನಿ, ಆಮೇಲೆ ಕೂತು ಮತ್ತೆ ಯೋಚಿಸ್ತೀನಿ” ಅನ್ನುವುದು ನಮ್ಮ ಕೈಯಲ್ಲಿದೆ. ನಡುವಿನ ದಿನಗಳಲ್ಲಿ ಪ್ರತಿ ರಾತ್ರಿ ಇಡೀ ಬದುಕಿನ ತೀರ್ಪು ಕೊಡುವ ಕೆಲಸದಿಂದ ಮನಸ್ಸಿಗೆ ರಜೆ ಸಿಗುತ್ತೆ.

ಮೂರು, ಕಾರಣ ಕೇಳಿ ತಿಳಿದುಕೊಳ್ಳುವುದು. ಯಾವ ಕಂಪನಿ ಯಾವ ಬ್ರಾಂಚಿಗೆ ಬರುತ್ತೆ, ಕಟ್ ಆಫ್ ಎಷ್ಟು, ಯಾವ ತಿಂಗಳು ಬರುತ್ತೆ ಅನ್ನುವುದರ ಮೇಲೆ ಆಫರ್‌ಗಳ ಕ್ರಮ ನಿಂತಿರುತ್ತೆ. ಕಂಪ್ಯೂಟರ್ ಸೈನ್ಸಿನವರಿಗೆ ಆಗಸ್ಟಿನಲ್ಲಿ ಆದದ್ದು ಸಿವಿಲ್ಲಿನವರಿಗೆ ಫೆಬ್ರವರಿಯಲ್ಲಿ ಆಗಬಹುದು. ಅವರಿಬ್ಬರೂ ಒಂದೇ ಸಾಲಿನಲ್ಲಿ ನಿಂತಿಲ್ಲ. ನಮ್ಮಲ್ಲೇ ಕೊರತೆ ಇದ್ದರೆ ಅದನ್ನೂ ಸ್ಪಷ್ಟವಾಗಿ ತಿಳಿದುಕೊಳ್ಳುವುದು ಒಳ್ಳೆಯದು. “ನಾನು ಯಾವುದಕ್ಕೂ ಲಾಯಕ್ಕಿಲ್ಲ” ಅನ್ನುವುದನ್ನು ಸರಿಪಡಿಸೋಕೆ ಆಗಲ್ಲ. “ಡೇಟಾಬೇಸ್ ಪ್ರಶ್ನೆಗಳಿಗೆ ಉತ್ತರ ಬರಲಿಲ್ಲ” ಅನ್ನುವುದನ್ನು ಸರಿಪಡಿಸಬಹುದು.

ನಾಲ್ಕು, ಜೊತೆಗೆ ಕಾಯುವುದು. ಇದು ಕಾಯುವವರಿಗಿಂತ ಹೆಚ್ಚಾಗಿ ಈಗಾಗಲೇ ದಾಟಿದವರ ಕೆಲಸ. ನಮ್ಮ ಗೆಳೆಯ “ನಂದೊಂದೇ ಬಾಕಿ” ಅಂದಾಗ “ಆಗುತ್ತೆ ಬಿಡು ಮಗಾ” ಅಂತ ಬೆನ್ನು ತಟ್ಟಿ ಹೋಗಿಬಿಡೋದು ಸುಲಭ. ಅದರ ಬದಲು ಐದು ನಿಮಿಷ ಕೂತು, ನಾವು ಎಲ್ಲೆಲ್ಲಿ ಹೊರಬಿದ್ದೆವು ಅಂತ ಹೇಳಿದರೆ ಅವನಿಗೆ ಕಾಣದೇ ಇದ್ದ ವಿಮಾನಗಳು ಕಾಣಿಸ್ತವೆ. ನಮ್ಮ ಮನೆ ದೋಸೆಯ ತೂತನ್ನು ನಾವೇ ತೋರಿಸಬೇಕು, ಬೇರೆ ಯಾರಿಗೂ ಅದು ಗೊತ್ತಿರಲ್ಲ. ಇನ್ನು ಮೆಸ್ಸಿನಲ್ಲಿ ಎದುರಾದಾಗ “ಆಯ್ತಾ?” ಅಂತ ಕೇಳುವುದನ್ನು ಬಿಟ್ಟು, ನಮ್ಮ ಊರುಗಳಲ್ಲಿ ಕೇಳುವ ಹಾಗೆ “ಊಟ ಆಯ್ತಾ?” ಅಂತ ಕೇಳಬಹುದು. ಒಂದೇ ಪದದ ವ್ಯತ್ಯಾಸ. ಮೊದಲನೆಯದು ಲೆಕ್ಕ ಕೇಳುತ್ತೆ, ಎರಡನೆಯದು ಜೊತೆಗೆ ಕೂರೋಕೆ ಕರೆಯುತ್ತೆ.

ಜೊತೆಗಿದ್ದರೂ ಕಡಿಮೆಯಾಗದ ಬೇಸರ ಇರುತ್ತೆ. ವಾರಗಟ್ಟಲೆ ನಿದ್ದೆ, ಊಟ ಸೇರದೆ ಇದ್ದರೆ, ಬದುಕೇ ಬೇಡ ಅನ್ನಿಸ್ತಿದ್ದರೆ, ಅದನ್ನು ಲೆಕ್ಕದಿಂದಲೋ ಗಾದೆಯಿಂದಲೋ ವಾಸಿ ಮಾಡೋಕೆ ಹೋಗಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಜ್ವರ ಬಂದಾಗ ಡಾಕ್ಟರ ಹತ್ತಿರ ಹೋದಷ್ಟೇ ಸಹಜ ಇದು.

6. ನಿಮಗೊಂದು ಲೆಕ್ಕ

ಪಾಠದ ಕೊನೆಗೆ ಅಭ್ಯಾಸ ಇರಬೇಕಲ್ಲ! ಬಸ್ಸುಗಳ ನಡುವಿನ ಅಂತರ 5, 5, 5, 25 ನಿಮಿಷ, ಮತ್ತೆ ಇದೇ ಕ್ರಮ. ಸರಾಸರಿ ಅಂತರ ಹತ್ತು. ಸರಾಸರಿ ಕಾಯುವ ಹೊತ್ತೆಷ್ಟು? ಸುಳಿವು: ಅಂತರಗಳ ವರ್ಗಗಳನ್ನು ಕೂಡಿ, ಅಂತರಗಳ ಮೊತ್ತದ ಎರಡರಷ್ಟರಿಂದ ಭಾಗಿಸಿ. 8.75 ಬಂದರೆ ನಿಮ್ಮ ಉತ್ತರ ಸರಿ.

ಇನ್ನೊಂದು ಅಭ್ಯಾಸಕ್ಕೆ ಪೆನ್ನು ಬೇಡ. ಮುಂದಿನ ಸಲ ಬಾಯಲ್ಲಿ “ಎಲ್ಲರದ್ದೂ ಆಯ್ತು” ಅನ್ನುವ ಮಾತು ಬಂದಾಗ ಬೆರಳು ಮಡಚಿ ಎಣಿಸಿ: ಎಲ್ಲರೂ ಅಂದರೆ ಯಾರ್ಯಾರು? ಹೆಸರು ಹೇಳ್ತಾ ಹೋದರೆ ಎರಡು ಕೈ ಬೆರಳು ಮುಗಿಯುವ ಮೊದಲೇ ಪಟ್ಟಿ ನಿಂತುಹೋಗಬಹುದು. ಪಟ್ಟಿಯಲ್ಲಿ ಇಲ್ಲದವರು ಯಾರು ಅಂತ ಆಮೇಲೆ ನೋಡಿ. ಅವರಲ್ಲಿ ಒಬ್ಬರ ರೂಮ್ ನಂಬರ್ ನಿಮಗೆ ಗೊತ್ತಿದ್ದರೆ, ಹೋಗಿ ಬಾಗಿಲು ತಟ್ಟಿ.